ಒಲ್ಲೆ ಎಂದವನ ಇಸ್ತ್ರಿ ಪೆಟ್ಟಿಗೆ

ನಾನು ಒಂದು ಇಸ್ತ್ರಿ ಪೆಟ್ಟಿಗೆ. ಗೋಡೆಯ ತೂತಿಗೆ ಬಾಲ ಸಿಕ್ಕಿಸಿದರೆ ಬಿಸಿಯಾಗುವ ಈಗಿನ ಹಗುರ ಜಾತಿಯದಲ್ಲ. ಹೊಟ್ಟೆ ತುಂಬ ಕೆಂಡ ಹಾಕಿಸಿಕೊಂಡು ದುಡಿದ ಹಳೆಯ ಕಾಲದ್ದು. ಮೊದಲೇ ಹೇಳಿಬಿಡುತ್ತೇನೆ, ನನಗೆ ಸಿಟ್ಟು ಜಾಸ್ತಿ. ಮೂವತ್ತು ವರ್ಷ ಹೊಟ್ಟೆಯಲ್ಲಿ ಬೆಂಕಿ ಇಟ್ಟುಕೊಂಡು ಬದುಕಿದವರಿಗೆ ಶಾಂತಿಯ ಪಾಠ ಹೇಳಲು ಬರಬೇಡಿ. ಈ ಕತೆ ಕೇಳಿದ ಮೇಲೆ ನಿಮಗೂ ಸಿಟ್ಟು ಬರದಿದ್ದರೆ ನಾನು ಹೇಳಿದ್ದು ದಂಡ ಎಂದುಕೊಳ್ಳುತ್ತೇನೆ.

ಹುಬ್ಬಳ್ಳಿಯ ಒಂದು ಎರಕದ ಮನೆಯಲ್ಲಿ ನಾನು ಹುಟ್ಟಿದೆ. ಮರಳಿನ ಅಚ್ಚಿನೊಳಗೆ ಕಾದ ಕಬ್ಬಿಣ ಸುರಿದರು. ಆರಿದ ಮೇಲೆ ಅಚ್ಚು ಒಡೆದು, ಅಂಚು ಉಜ್ಜಿ, ತಳ ನುಣುಪು ಮಾಡಿ, ಮೇಲೆ ಸಾಗುವಾನಿಯ ಹಿಡಿ ಕೂರಿಸಿದರು. ಮುಚ್ಚಳ ಮಾತ್ರ ಎಳ್ಳಷ್ಟು ಓರೆಯಾಯಿತು. "ಇದರ ಬಾಯಿ ಸರಿಯಾಗಿ ಮುಚ್ಚಾಂಗಿಲ್ಲ, ಹಿಂದ ಇಡು" ಎಂದ ಕೆಲಸಗಾರ. ಅಂಗಡಿಗೆ ಬಂದ ಮೇಲೂ ಗಿರಾಕಿಗಳು ನನ್ನನ್ನು ಎತ್ತಿ ನೋಡಿ, ಮುಖ ಸಿಂಡರಿಸಿ, ಮತ್ತೆ ಹಿಂದಿನ ಸಾಲಿಗೇ ತಳ್ಳುತ್ತಿದ್ದರು.

ಕೊನೆಗೆ ನನ್ನನ್ನು ಕೊಂಡವನು ದುಂಡಪ್ಪ ಮಡಿವಾಳರ. ಅರವತ್ನಾಲ್ಕನೆಯ ಇಸವಿ. ಬೈಲಹೊಂಗಲದ ಕಡೆಯ ನಂದಿಹಾಳ ಅವನ ಊರು. ಆಗಷ್ಟೇ ಮಿಲಿಟರಿಯಲ್ಲಿ ಏಳು ವರ್ಷ ಮುಗಿಸಿ ಬಂದಿದ್ದ. ಎತ್ತರದ ಆಳು, ನಿಂತರೆ ಗೂಟ ನೆಟ್ಟ ಹಾಗೆ ನಿಲ್ಲುತ್ತಿದ್ದ. ಅವರದು ಬಟ್ಟೆ ಒಗೆಯುವ ಮನೆತನ. ಊರಿನ ಸಣ್ಣ ಸಣ್ಣ ಹುಡುಗರೂ ಅವನ ಅಪ್ಪನನ್ನು "ಏ ಅಗಸಾ" ಎಂದು ಕೂಗುತ್ತಿದ್ದರಂತೆ. ಆ ಕೂಗು ಕೇಳಲಾರದೆ ಹದಿನೆಂಟಕ್ಕೆ ಓಡಿಹೋಗಿ ಸಿಪಾಯಿಯಾದ. ಸಿಪಾಯಿಯಾಗಿ ಮರಳಿದ ಮೇಲೆ ಅದೇ ಊರು "ದುಂಡಪ್ಪನವರ, ಬರ್ರಿ" ಅನ್ನತೊಡಗಿತು. ಅಷ್ಟಾದರೂ ಅವನು ಮಾಡಿದ್ದೇನು? ಬಸ್ ನಿಲ್ದಾಣದ ಎದುರಿಗೆ ಒಂದು ತಗಡಿನ ಅಂಗಡಿ ಹಾಕಿ, ಹೆಂಡತಿ ಬಾಳವ್ವನ ಜೊತೆ ಇಸ್ತ್ರಿ ಮಾಡಲು ನಿಂತ. "ಮರ್ಯಾದಿ ಗಳಿಸಿ ಬಂದೀನಿ, ಇನ್ನ ಕೆಲಸಕ್ಕ ನಾಚೂದು ಯಾಕ?" ಎಂದ. ಆ ಮಾತಿಗೇ ನಾನು ಅವನವಳಾದೆ.

ಇಲ್ಲಿ ಒಂದು ವಿಷಯ ನಿಮಗೆ ತಿಳಿದಿರಬೇಕು. ಆ ಕಾಲದ ಸಿಪಾಯಿ ಏಳು ವರ್ಷ ಪಲ್ಟನ್ನಿನಲ್ಲಿ ದುಡಿದು ಮನೆಗೆ ಬಂದರೆ ಪೂರ್ತಿ ಬಿಡುಗಡೆಯಾದ ಹಾಗಲ್ಲ. ಇನ್ನೂ ಎಂಟು ವರ್ಷ ಅವನ ಹೆಸರು ರಿಸರ್ವಿನಲ್ಲಿ ಇರುತ್ತಿತ್ತು. ಮನೆಯಲ್ಲಿದ್ದು ಹೊಲ ಉಳು, ಅಂಗಡಿ ಇಡು, ಮದುವೆಯಾಗು. ಕರೆದ ದಿನ ಎಲ್ಲ ಬಿಟ್ಟು ಎದ್ದು ಬಾ. ಎರಡು ವರ್ಷಕ್ಕೊಮ್ಮೆ ತರಬೇತಿಗೆ ಬಾ. ಎಂಟು ವರ್ಷ ತುಂಬಿದರೆ ಪಿಂಚಣಿ. ಹಗ್ಗ ಉದ್ದ ಬಿಟ್ಟು ದನ ಕಟ್ಟಿದಂತೆ, ಮೇಯುವಷ್ಟು ಹೊತ್ತು ದನಕ್ಕೆ ಕಟ್ಟಿದ್ದು ಗೊತ್ತಾಗುವುದಿಲ್ಲ. ನಂದಿಹಾಳದಲ್ಲಿ ಅಂಥವರು ಆರು ಜನ ಇದ್ದರು. ಅವರಲ್ಲಿ ಅಡಿವೆಪ್ಪ ಎಂಬವನು ದುಂಡಪ್ಪನಿಗೆ ಬಹಳ ಬೇಕಾದವನು. ದಿನಾ ಸಂಜೆ ಅಂಗಡಿಯ ಬೆಂಚಿನ ಮೇಲೆ ಕೂತು ಚಹಾ ಕುಡಿಯುತ್ತಿದ್ದ, "ದುಂಡಣ್ಣಾ, ದುಂಡಣ್ಣಾ" ಎಂದು ಬಾಯಿ ತುಂಬ ಕರೆಯುತ್ತಿದ್ದ.

ಅಂಗಡಿ ಹಾಕಿ ಒಂದೂವರೆ ವರ್ಷವೂ ಆಗಿರಲಿಲ್ಲ, ಅರವತ್ತೈದರ ಯುದ್ಧ ಬಂತು. ಕರೆ ಬಂದ ಎರಡನೇ ದಿನ ದುಂಡಪ್ಪ ಹೊರಟ. ಎದೆ ಉಬ್ಬಿಸಿಕೊಂಡೇ ಹೋದ, ಸುಳ್ಳು ಯಾಕೆ ಹೇಳಲಿ. ಐದು ತಿಂಗಳಿಗೆ ತಿರುಗಿ ಬಂದ. ಮೈಮೇಲೆ ಒಂದು ಗೀರೂ ಇರಲಿಲ್ಲ. ಊರಿನವರು ಹಾರ ಹಾಕಿ ಮೆರವಣಿಗೆ ಮಾಡಿದರು. ಮರುದಿನ ಅಂಗಡಿಗೆ ಬಂದು, ನನಗೆ ಕೆಂಡ ತುಂಬಿ, ಬಟ್ಟೆ ಹರವಿದ. ಎಲ್ಲ ಮೊದಲಿನಂತೆಯೇ ಇದೆ ಅಂದುಕೊಂಡೆ. ಎಲ್ಲಿಯ ಮೊದಲು!

ಮಡಿವಾಳರ ಮನೆಯಲ್ಲಿ ಒಂದು ಪದ್ಧತಿಯಿದೆ. ಯಾರ ಬಟ್ಟೆ ಯಾರದೆಂದು ತಿಳಿಯಲು ಕೇರುಬೀಜದ ಕಪ್ಪು ರಸ ತೆಗೆದು ಸೂಜಿಯಿಂದ ಕಾಲರಿನ ಒಳಗೆ ಗುರುತು ಹಾಕುತ್ತಾರೆ. ಒಂದು ಮನೆಗೆ ಮೂರು ಚುಕ್ಕೆ, ಇನ್ನೊಂದಕ್ಕೆ ಒಂದು ಗೀಟು ಎರಡು ಚುಕ್ಕೆ. ಎಷ್ಟು ಒಗೆದರೂ ಅದು ಹೋಗುವುದಿಲ್ಲ. ಓದು ಬಾರದ ಜನರ ಲೆಕ್ಕ ಅದು. ಆದರೆ ಎಂದೂ ತಪ್ಪಿದ್ದಿಲ್ಲ. ಯುದ್ಧದಿಂದ ಬಂದ ದುಂಡಪ್ಪ ಹೊಸ ಬಟ್ಟೆಗೆ ಗುರುತು ಹಾಕುವುದನ್ನೇ ಬಿಟ್ಟ. ಬಾಳವ್ವ ಬೀಜ ಸುಟ್ಟು ರಸ ತೆಗೆದು ಕೊಟ್ಟರೆ ಬಟ್ಟಲನ್ನು ಅತ್ತ ಸರಿಸುತ್ತಿದ್ದ. ಕೇಳಬೇಕೆ? ಪೋಸ್ಟ್ ಮಾಸ್ತರರ ಅಂಗಿ ಕಂಡಕ್ಟರನ ಮನೆಗೆ ಹೋಯಿತು, ಗೌಡರ ಧೋತರ ಮೆಣಸಿನಕಾಯಿ ವ್ಯಾಪಾರಿಯ ಸೊಂಟದಲ್ಲಿ ಸಂತೆ ಸುತ್ತಿ ಬಂತು. ಗೌಡರು ಅಂಗಡಿಗೇ ಬಂದು ಉಗಿದು ಉಪ್ಪು ಹಾಕಿದರು. ಅವರು ಹೋದ ಮೇಲೆ ಬಾಳವ್ವ ಸೊಂಟಕ್ಕೆ ಕೈ ಇಟ್ಟು ನಿಂತಳು.

"ಏನಾಗೇತಿ ನಿನಗ? ಎರಡು ಚುಕ್ಕಿ ಇಡಾಕ ಕೈ ಸೇದಿ ಹೋಗೈತೇನು?"

ದುಂಡಪ್ಪ ನನ್ನನ್ನು ಕಲ್ಲಿನ ಮೇಲೆ ಇಟ್ಟ. ಆಮೇಲೆ ಹೇಳಿದ. ಪಂಜಾಬದ ಕಬ್ಬಿನ ಹೊಲದಲ್ಲಿ ಅವನೂ ಆ ಕಡೆಯ ಸಿಪಾಯಿಯೊಬ್ಬನೂ ಎದುರುಬದುರಾದರು. ಹತ್ತು ಮಾರು ಕೂಡ ಇರಲಿಲ್ಲ. ಇವನು ಮೊದಲು ಗುಂಡು ಹೊಡೆದ. ಸತ್ತವನ ಜೇಬು ನೋಡಬೇಕೆಂಬ ಹುಕುಂ ಇತ್ತು. ಜೇಬಿನಲ್ಲಿ ಏನೂ ಸಿಗಲಿಲ್ಲ. ಹೆಣ ಹೊರಳಿಸುವಾಗ ಕಾಲರು ಮಗುಚಿತು. ಒಳಗೆ ಕೇರುಬೀಜದ ಗುರುತು: ಒಂದು ಗೀಟು, ಮೂರು ಚುಕ್ಕೆ.

"ಯಾರೋ ನಮ್ಮಂಥಾಂವ ಹಾಕಿದ್ದ ಬಾಳಾ. ಅಂಗಿ ಒಗದು ಯಾರ ಮನಿಗೆ ಕೊಡಬೇಕಂತ ಗುರತಾ ಹಾಕಿದ್ದ. ನಾ ಅದನ್ನ ಮನಿಗೆ ಹೋಗದಂಗ ಮಾಡಿದೆ."

ಬಾಳವ್ವ ರಸದ ಬಟ್ಟಲನ್ನು ತನ್ನತ್ತ ಎಳೆದುಕೊಂಡಳು. ಅಂದಿನಿಂದ ಗುರುತು ಹಾಕುವ ಕೆಲಸ ತಾನೇ ಮಾಡಿದಳು. ಅವನು ಮಾತ್ರ ಒಂದು ಮಾತು ಗಟ್ಟಿ ಮಾಡಿಕೊಂಡ. ಇನ್ನು ಮನುಷ್ಯನ ಮೇಲೆ ಬಂದೂಕು ಎತ್ತುವುದಿಲ್ಲ. ಅರವತ್ತೇಳರಲ್ಲಿ, ಅರವತ್ತೊಂಬತ್ತರಲ್ಲಿ ತರಬೇತಿಗೆ ಕರೆದರು; ಹೋಗಿ ಹಲಗೆಗೆ ಗುಂಡು ಹೊಡೆದು ಬಂದ. ಹಲಗೆಗೆ ಕಾಲರು ಇರುವುದಿಲ್ಲವಲ್ಲ. ರಿಸರ್ವಿನ ಎಂಟು ವರ್ಷ ಮುಗಿಯುವುದು ಎಪ್ಪತ್ತೆರಡರ ಮಾರ್ಚಿಗೆ. ಅಲ್ಲಿಯವರೆಗೆ ಯುದ್ಧ ಬಾರದಿರಲಿ ಎಂದು ಬಾಳವ್ವ ಹರಕೆ ಹೊತ್ತಳು. ಹರಕೆ ಕೇಳುವ ದೇವರಿಗೆ ಬೇರೆ ಕೆಲಸ ಇತ್ತೋ ಏನೋ, ಎಪ್ಪತ್ತೊಂದರ ನವೆಂಬರಿನಲ್ಲಿ ಕರೆಯ ಕಾಗದ ಬಂತು. ಇನ್ನು ನಾಲ್ಕೇ ತಿಂಗಳು ಉಳಿದಿತ್ತು!

ಅಡಿವೆಪ್ಪನಿಗೂ ಅಂದೇ ಕಾಗದ ಬಂದಿತ್ತು. ಮಧ್ಯಾಹ್ನ ಅಂಗಡಿಗೆ ಬಂದು, ಬೆಂಚಿನ ತುದಿಗೆ ಕೂತು, ದನಿ ತಗ್ಗಿಸಿದ.

"ದುಂಡಣ್ಣಾ, ನಾ ಸವದತ್ತಿಗೆ ಅಕ್ಕನ ಮನಿಗೆ ಹೊಕ್ಕೀನಿ. ಕಾಗದ ಸಿಗಲಿಲ್ಲ ಅಂತ ಹೇಳಿದ್ರಾತು. ನೀನೂ ಬಾ. ಗದ್ದಲ ಮುಗದ ಮ್ಯಾಲ ಹೋಗಿ ಮಾರಿ ತೋರಿಸೂಣು."

"ನೀ ಅಂಜಿ ಹೊಂಟೀ ಅಡಿವೆಪ್ಪಾ. ನಾ ಅಂಜಿಲ್ಲ. ಕರದಾರ ಅಂದ ಮ್ಯಾಲ ಹೋಗಬೇಕು. ಹೋಗಿ, ಎದುರಿಗೆ ನಿಂತು, ಒಲ್ಲೆ ಅನ್ನಬೇಕು."

ಬಾಳವ್ವ ಹಣೆ ಚಚ್ಚಿಕೊಂಡಳು. "ಹಿಂದ ನಿಂತು ಅಂದ್ರೂ ಒಲ್ಲೆ ಒಲ್ಲೇನ! ಜ್ವರಾ ಬಂದೈತಿ ಅನ್ನು, ಸೊಂಟ ಹಿಡದೈತಿ ಅನ್ನು. ಒಂದ ಸುಳ್ಳು ಹೇಳಿದ್ರ ನಿನ್ನ ಗಂಟೇನು ಹೊಕ್ಕೈತಿ?"

ಅವನು ಕೇಳುವವನೇ? ಟ್ರಂಕಿನಿಂದ ಸಮವಸ್ತ್ರ ತೆಗೆದ. ನೀರು ಚಿಮುಕಿಸಿ, ನನ್ನನ್ನು ಚೆನ್ನಾಗಿ ಕಾಯಿಸಿ, ಒಂದು ತಾಸು ಇಸ್ತ್ರಿ ಮಾಡಿದ. ತೋಳಿನ ಗೆರೆ ಮುಟ್ಟಿದರೆ ಕೈ ಕೊಯ್ಯಬೇಕು, ಹಾಗೆ ಮಾಡಿದ. ನಾನೂ ಜಂಬದಿಂದ ಮಾಡಿದೆ. ಅದೇ ಗೆರೆ ಅವನ ಕೊರಳಿಗೆ ಬರುತ್ತದೆಂದು ಗೊತ್ತಿದ್ದರೆ ಅವತ್ತೇ ಆ ಬಟ್ಟೆಯನ್ನು ಸುಟ್ಟು ಬೂದಿ ಮಾಡುತ್ತಿದ್ದೆ. ಕೆಂಡ ಸುರಿದು, ನಾನು ಆರಿದ ಮೇಲೆ, ಹಳೆಯ ಧೋತರದಲ್ಲಿ ನನ್ನನ್ನು ಗಂಟು ಕಟ್ಟಿದ. ಯಾಕೆಂದು ಬಾಳವ್ವ ಕೇಳಿದಳು. "ಅಲ್ಲಿ ಬೇಕಾಗ್ತೈತಿ" ಎಂದ.

ಡಿಪೋ ಇದ್ದ ಊರಿನ ಹೆಸರು ಹೇಳುವುದಿಲ್ಲ. ಎರಡು ದಿನ ರೈಲಿನಲ್ಲಿ ಹೋದೆವು. ಕಾಗದದಲ್ಲಿ ಎಂಟು ಗಂಟೆಗೆ ಎಂದಿತ್ತು. ದುಂಡಪ್ಪ ಏಳೂವರೆಗೆ ಗೇಟಿನಲ್ಲಿದ್ದ. ಮೇಜಿನ ಹಿಂದೆ ಕೂತಿದ್ದ ಗುಮಾಸ್ತ ಹವಾಲ್ದಾರ ಹೊಸೂರ ಎಂಬವರು, ಧಾರವಾಡದ ಕಡೆಯವರು. ಹಾಜರಿ ಪುಸ್ತಕ ಮುಂದೆ ತಳ್ಳಿದರು. ದುಂಡಪ್ಪ ಸೆಟೆದು ನಿಂತು ಸಲಾಮು ಹೊಡೆದು, ಬಾಗಿ, ದುಂಡಗೆ ಸಹಿ ಮಾಡಿದ. ನಾನು ಅವನ ಕಾಲ ಬಳಿ ಗಂಟಿನಲ್ಲಿದ್ದೆ. ಸಹಿ ಮಾಡಿದವರನ್ನು ಬಂದೂಕು ಕೊಡುವ ಕಿಟಕಿಯ ಮುಂದೆ ಸಾಲು ನಿಲ್ಲಿಸಿದರು. ಸಾಲು ಮುಂದೆ ಸರಿದಂತೆ ಅವನು ನನ್ನನ್ನು ಎತ್ತಿಕೊಂಡು ಸರಿಯುತ್ತಿದ್ದ. ಅವನ ಸರದಿ ಬಂತು. ಒಳಗಿನವನು ಬಂದೂಕು ತಂದು ಕಟ್ಟೆಯ ಮೇಲಿಟ್ಟ. ದುಂಡಪ್ಪ ಗಂಟು ಬಿಚ್ಚಿ ನನ್ನನ್ನು ಅದರ ಪಕ್ಕದಲ್ಲಿ ಇಟ್ಟ.

ಹಿಂದಿಯಲ್ಲಿ ಏನೋ ಹೇಳಿದ. ನನಗೆ ಹಿಂದಿ ಬಾರದು. ಆದರೆ ಸಾಲಿನಲ್ಲಿ ನಿಂತವರೆಲ್ಲ ಗೊಳ್ಳೆಂದು ನಕ್ಕರು. ಆಮೇಲೆ ಹೊಸೂರ ಹವಾಲ್ದಾರರು ಓಡಿ ಬಂದು ಕನ್ನಡದಲ್ಲಿ ಬೈದದ್ದರಿಂದ ನನಗೆ ತಿಳಿಯಿತು.

"ಏನ್ ಮಾಡಾಕತ್ತೀಯೋ ತಮ್ಮಾ? ಇದೇನು ಆಟಾ ಅಂತ ತಿಳಿದಿಯೇನು?"

"ಇಲ್ರಿ ಸಾಹೇಬ್ರ. ಬಂದೂಕು ಒಂದ ಒಲ್ಲೆ. ಬಟ್ಟಿ ಒಗೀತೀನಿ, ಇಸ್ತ್ರಿ ಮಾಡತೀನಿ, ಬಿದ್ದಾರನ್ನ ಹೊತಗೊಂಡು ಬರತೀನಿ. ಗುಂಡು ಬೀಳೂ ಜಾಗಾಕ್ಕ ಕಳಸ್ರಿ, ಮುಂದ ಹೊಕ್ಕೀನಿ. ಹೊಡೀ ಅನಬ್ಯಾಡ್ರಿ, ಅಷ್ಟ."

ಅವನ ಮಾತು ಕೇಳಿ ನನ್ನ ಮೈ ಉರಿಯಿತು. ಅಗಸ ಎಂದು ಕೂಗಿಸಿಕೊಳ್ಳಲಾರದೆ ಸಿಪಾಯಿಯಾದವನು, ನೂರು ಜನರ ಎದುರಿಗೆ ತನ್ನನ್ನು ಅಗಸನ ಕೆಲಸಕ್ಕೆ ಹಚ್ಚಿರಿ ಎಂದು ಬೇಡುತ್ತಿದ್ದ. ಅದಕ್ಕೆಷ್ಟು ಎದೆ ಬೇಕು! ನಗುತ್ತಿದ್ದವರಲ್ಲಿ ಒಬ್ಬನಿಗೂ ಅದು ಹೊಳೆಯಲಿಲ್ಲ. ಮೇಜರ್ ಸಾಹೇಬರು ಬಂದರು. ನನಗೆ ಕಂಡದ್ದು ಅವರ ಬೂಟು, ಕೈಯ ಕೋಲು. ಡಿಪೋದಲ್ಲಿ ದೋಬಿಗಳು ಬೇಕಾದಷ್ಟು ಇದ್ದಾರೆ, ನಿನ್ನ ಕಾಗದದಲ್ಲಿ ಸಿಪಾಯಿ ಎಂದಿದೆ, ಬಂದೂಕು ಎತ್ತು ಎಂದರಂತೆ. ಮೂರು ಸಲ ಹುಕುಂ ಕೊಟ್ಟರು. ಮೂರು ಸಲವೂ ದುಂಡಪ್ಪ ಸೆಟೆದು ನಿಂತು, ಕೈ ತೊಡೆಗೆ ಅಂಟಿಸಿ, ಇಲ್ಲ ಸಾಹೇಬ್ ಎಂದ. ಇಬ್ಬರು ಬಂದು ಅವನ ಬೆಲ್ಟು ಬಿಚ್ಚಿಕೊಂಡರು. ಬೆಲ್ಟು ಬಿಚ್ಚಿದರೆ ಸಿಪಾಯಿ ಕೈದಿಯಾದ ಎಂದು ಅರ್ಥ.

ಹೊಸೂರ ಹವಾಲ್ದಾರರು ಕಣ್ಣಲ್ಲಿ ನೀರು ತಂದುಕೊಂಡರು. ಅವರು ಹೇಳಿದ ಮಾತು ನನ್ನ ಹೊಟ್ಟೆಯಲ್ಲಿ ಇವತ್ತಿಗೂ ಕುದಿಯುತ್ತದೆ.

"ಹುಚ್ಚಪ್ಪಾ, ಮನ್ಯಾಗ ಕುಂತು ಒಲ್ಲೆ ಅಂದಿದ್ರ ನಿಮ್ಮೂರ ಕಡೆ ಮ್ಯಾಜಿಸ್ಟ್ರೇಟರು ಕರಿಸಿ ಒಂದೆರಡು ತಿಂಗಳಾ ಹಾಕತಿದ್ರು. ಡ್ರೆಸ್ ಹಾಕ್ಕೊಂಡು ಬಂದು, ಸಹಿ ಮಾಡಿ, ಆಮ್ಯಾಲ ಒಲ್ಲೆ ಅಂದಿ. ಈಗ ನೀ ಪಕ್ಕಾ ಸಿಪಾಯಿ. ಇಲ್ಲಿ ಕೋರ್ಟಿನಾಗ ನಿಂದ್ರಬೇಕು."

ನೋಡಿದಿರಾ? ತಡವಾಗಿ ಬಂದಿದ್ದರೆ, ಹರಕು ಅಂಗಿಯಲ್ಲಿ ಬಂದಿದ್ದರೆ, ಬಾರದೇ ಇದ್ದಿದ್ದರೆ ಶಿಕ್ಷೆ ಕಡಿಮೆ. ಶಿಸ್ತಿನ ಸಿಪಾಯಿ ಶಿಸ್ತಿನಿಂದ ಬಂದು ಒಲ್ಲೆ ಎಂದ, ಅದಕ್ಕೇ ಹೆಚ್ಚು. ಶಿಸ್ತು ಕಲಿಸಿದವರು ಇವರೇ. ಥೂ! ಯಾವ ನ್ಯಾಯ ಇದು?

ಇನ್ನೂ ಒಂದು ದಾರಿ ಇತ್ತು. ಡಿಪೋದ ಡಾಕ್ಟರರು ಒಳ್ಳೆಯವರು. ಇವನ ತಲೆ ಸರಿ ಇಲ್ಲ ಎಂದು ಬರೆದುಕೊಡುತ್ತೇನೆ, ಮನೆಗೆ ಹೋಗಲಿ ಎಂದರಂತೆ. ಅಷ್ಟು ಹೇಳಲು ಹೊಸೂರ ಹವಾಲ್ದಾರರು ಕೈದಿಯ ಕೋಣೆಯ ಬಾಗಿಲಿಗೆ ಬಂದರು. ನನ್ನನ್ನೂ ಅದೇ ಕೋಣೆಯ ಹೊರಗೆ ಮೂಲೆಯಲ್ಲಿ ಇಟ್ಟಿದ್ದರು, ಕೈದಿಯ ಸಾಮಾನು ಎಂದು ಚೀಟಿ ಅಂಟಿಸಿ.

"ಹೂಂ ಅನ್ನೋ ತಮ್ಮಾ. ಒಂದ ಸಹಿ."

"ತಲಿ ಸುದ್ದ ಐತ್ರಿ. ಸುದ್ದ ಇರೂದಕ್ಕ ಒಲ್ಲೆ ಅನ್ನಾಕತ್ತೀನಿ. ಹುಚ್ಚ ಅಂತ ಬರದ್ರ ನನ್ನ ಒಲ್ಲೆ ಎಲ್ಲಿ ಉಳೀತು?"

ಅವನಿಗೆ ಬೇಕಾಗಿದ್ದು ಅಷ್ಟೇ. ಒಲ್ಲೆ ಎಂದದ್ದು ಒಲ್ಲೆ ಎಂದೇ ಉಳಿಯಬೇಕು. ಶಿಕ್ಷೆ ಕೊಡುವವರು ಕೊಡಲಿ. ಅದನ್ನು ಹುಚ್ಚು, ಅಂಜಿಕೆ, ಜ್ವರ ಎಂದು ಬೇರೆ ಹೆಸರಿನಿಂದ ಬರೆದಿಡಬಾರದು. ಇಷ್ಟು ಸಣ್ಣ ಬೇಡಿಕೆ ಕಂಡು ಇಷ್ಟು ದೊಡ್ಡ ಜನರಿಗೆ ಯಾಕೆ ಅಷ್ಟು ಕಷ್ಟವಾಯಿತೋ ನನಗೆ ತಿಳಿಯಲಿಲ್ಲ.

ನಾಲ್ಕು ದಿನದಲ್ಲಿ ನನ್ನನ್ನು ಡಿಪೋದ ದೋಬಿಖಾನೆಗೆ ಸಾಗಿಸಿದರು. ಯುದ್ಧ ಶುರುವಾಗಿತ್ತು, ಬಟ್ಟೆಯ ರಾಶಿ ಬೆಳೆದಿತ್ತು, ಪೆಟ್ಟಿಗೆ ಕಡಿಮೆ. ಯಾರಾದರೂ ನನ್ನನ್ನು ಕೇಳಿದರೇ? ಒಬ್ಬ ಮುದುಕ ದೋಬಿ ನನಗೆ ಕೆಂಡ ತುಂಬಿದ. ಒಂದು ಬೆಳಗ್ಗೆ ಐದು ಜನ ಆಫೀಸರರ ಸಮವಸ್ತ್ರ ಬಂತು. ಅವಸರ, ಅವಸರ, ಇವತ್ತು ಕೋರ್ಟು ಇದೆ ಎಂದು ತಂದವನು ಕುಣಿಯುತ್ತಿದ್ದ; ಅಷ್ಟು ಹಿಂದಿ ಆ ಹೊತ್ತಿಗೆ ನನಗೂ ಬಂದಿತ್ತು. ಅದು ದುಂಡಪ್ಪನ ಕೋರ್ಟು! ಅವನಿಗೆ ಶಿಕ್ಷೆ ಹಾಕಲು ಕೂರುವವರ ತೋಳಿನ ಗೆರೆಯನ್ನು ನಾನೇ ಎಳೆಯಬೇಕಾಯಿತು. ಅವತ್ತು ನನ್ನ ತಳ ಎಂದಿಗಿಂತ ಹೆಚ್ಚು ಕಾದಿತ್ತು. ಒಬ್ಬರ ತೋಳಿನ ಮೇಲೆ ಕಂದು ಕಲೆ ಬಿತ್ತು. ಮುದುಕ ಮೈಮರೆತು ಇಟ್ಟುಬಿಟ್ಟ ಎಂದರು. ಅವರು ಹಾಗೆಂದರೆ ಹಾಗೆಯೇ ಇರಲಿ.

ಒಂದು ವರ್ಷ ಕಠಿಣ ಸಜೆ. ನೌಕರಿಯಿಂದ ವಜಾ. ಹದಿನಾಲ್ಕು ವರ್ಷ ಎಂಟು ತಿಂಗಳ ಸೇವೆ ನೀರಲ್ಲಿ ಹೋಮ. ಯುದ್ಧ ಹದಿನಾಲ್ಕು ದಿನಕ್ಕೆ ಮುಗಿಯಿತು. ಡಿಪೋದಲ್ಲಿ ಪಟಾಕಿ ಹಾರಿಸಿದರು, ಜಿಲೇಬಿ ಹಂಚಿದರು. ಅದಾಗಿ ನಾಲ್ಕನೇ ದಿನ ಗೇಟಿನಲ್ಲಿ ಯಾರು ಬಂದು ನಿಂತ ಗೊತ್ತೇ? ಅಡಿವೆಪ್ಪ! ಜ್ವರ ಬಂದಿತ್ತು, ಕಾಗದ ತಡವಾಗಿ ಸಿಕ್ಕಿತು ಎಂದ. ಗೆದ್ದ ಖುಷಿಯಲ್ಲಿದ್ದವರು ಯಾರನ್ನು ಬೈದಾರು? ಸಹಿ ಹಾಕಿಸಿಕೊಂಡರು. ಮೂರು ತಿಂಗಳು ಉಗ್ರಾಣದ ಬಾಗಿಲು ಕಾಯಲು ಹಚ್ಚಿದರು. ಕರೆಗೆ ಬಂದವರಿಗೆಲ್ಲ ಕೊಟ್ಟ ಪದಕವನ್ನು ಅವನಿಗೂ ಕೊಟ್ಟರು. ರಿಸರ್ವಿನ ಅವಧಿ ತುಂಬಿತು, ಪಿಂಚಣಿಯೂ ಆಯಿತು. ಊರಿಗೆ ಹೊರಡುವ ಮುನ್ನ ದೋಬಿಖಾನೆಗೆ ಬಂದವನು ನನ್ನ ಓರೆ ಮುಚ್ಚಳ ನೋಡಿ ಗುರುತು ಹಿಡಿದು, ಕೇಳಿ ಬಿಡಿಸಿಕೊಂಡ. ಎರಡು ದಿನ ರೈಲಿನಲ್ಲಿ ನನ್ನನ್ನು ತೊಡೆಯ ಮೇಲಿಟ್ಟುಕೊಂಡೇ ಬಂದ. ಕೆಟ್ಟವನಲ್ಲ ಅವನು. ನನಗೆ ಸಿಟ್ಟು ತರಿಸುವುದೇ ಅದು, ಪೂರ್ತಿ ಕೆಟ್ಟವನಾಗಿದ್ದರೆ ಒಂದು ಸಲ ಬೈದು ಸುಮ್ಮನಾಗುತ್ತಿದ್ದೆ.

ನಂದಿಹಾಳದಲ್ಲಿ ಬಾಳವ್ವ ಒಬ್ಬಳೇ ಅಂಗಡಿ ನಡೆಸುತ್ತಿದ್ದಳು. ನಡೆಸುವುದು ಎಂದರೆ ಬಾಗಿಲು ತೆರೆದು ಕೂರುವುದು. ಹೇಡಿಯ ಅಂಗಡಿ ಎಂದು ಜನ ಬಟ್ಟೆ ಕೊಡುವುದನ್ನು ಬಿಟ್ಟಿದ್ದರು. ಆರು ವರ್ಷದ ಹಿಂದೆ ಹಾರ ಹಾಕಿದ ಕೈಗಳೇ. ನಾನು ಬಂದ ಎರಡನೇ ದಿನ ಬೆಳಗ್ಗೆ ಬಾಗಿಲಿನ ಚಿಲಕಕ್ಕೆ ಯಾರೋ ಹಸಿರು ಬಳೆಯ ಕಟ್ಟು ಸಿಕ್ಕಿಸಿ ಹೋಗಿದ್ದರು. ಗಂಡಸಿಗೆ ಬಳೆ ಕಳಿಸಿದರೆ ಏನರ್ಥ ಎಂದು ನಮ್ಮ ಕಡೆ ಯಾರಿಗೂ ಬಿಡಿಸಿ ಹೇಳಬೇಕಾಗಿಲ್ಲ. ಎದುರಿನ ಚಹಾದಂಗಡಿಯಲ್ಲಿ ಏಳೆಂಟು ಜನ ಕೂತು ಏನಾಗುತ್ತದೆಂದು ನೋಡುತ್ತಿದ್ದರು. ಬಾಳವ್ವ ಬಳೆ ಬಿಚ್ಚಿಕೊಂಡಳು. ಅವರ ಎದುರಿಗೇ ಒಂದೊಂದಾಗಿ ಕೈಗೆ ಏರಿಸಿಕೊಂಡಳು. ಕೈ ಎತ್ತಿ ಅಲ್ಲಾಡಿಸಿದಳು.

"ಅಳತಿ ಬರೋಬ್ಬರಿ ಐತ್ರಪಾ! ಯಾವ ಅಣ್ಣ ಕಳಿಸಿದ್ನೋ, ಮುಂದಿನ ಪಂಚಮಿಗೆ ಸೀರಿನೂ ಕಳಸಂತ ಹೇಳ್ರಿ!"

ಭಲೇ ಹೆಣ್ಣೇ! ಚಹಾದಂಗಡಿಯಲ್ಲಿದ್ದವರು ಒಬ್ಬೊಬ್ಬರೇ ಎದ್ದು ಹೋದರು. ಆಮೇಲೆ ಒಳಗೆ ಬಂದು ಬಟ್ಟೆಯ ಗಂಟಿನ ಮೇಲೆ ಮುಖ ಒತ್ತಿ ಅತ್ತಳು. ಗಂಡನನ್ನೇ ಬೈದಳು. ಒಂದು ಸುಳ್ಳು, ಒಂದೇ ಒಂದು ಸುಳ್ಳು ಹೇಳಲಾರದೆ ನನ್ನನ್ನು ಬೀದಿಗೆ ತಂದೆಯಲ್ಲೋ ಎಂದಳು.

ದುಂಡಪ್ಪ ಸಜೆ ಮುಗಿಸಿ ಬಂದಾಗ ಗಲ್ಲ ಒಳಗೆ ಹೋಗಿತ್ತು, ಬೆನ್ನು ಮಾತ್ರ ಹಾಗೆಯೇ ನೆಟ್ಟಗಿತ್ತು. ಬಂದವನೇ ನನ್ನ ಹಿಡಿ ಹಿಡಿದ. ಮೆಲ್ಲಮೆಲ್ಲಗೆ ಗಿರಾಕಿಗಳೂ ಬಂದರು. ಇಸ್ತ್ರಿ ಚೆನ್ನಾಗಿದ್ದರೆ ಹೇಡಿಯ ಕೈಯದೂ ನಡೆಯುತ್ತದೆ. ಅಡಿವೆಪ್ಪ ಅಷ್ಟರಲ್ಲಿ ಮಾಜಿ ಸೈನಿಕರ ಸಂಘದ ಅಧ್ಯಕ್ಷನಾಗಿದ್ದ. ಪ್ರತಿ ಆಗಸ್ಟು, ಪ್ರತಿ ಜನವರಿ ಶಾಲೆಯ ಬಯಲಿನಲ್ಲಿ ಪದಕ ಹಾಕಿಕೊಂಡು ಝಂಡಾದ ಕೆಳಗೆ ನಿಲ್ಲುತ್ತಿದ್ದ, ಧೈರ್ಯದ ಬಗ್ಗೆ ಭಾಷಣ ಮಾಡುತ್ತಿದ್ದ. ಅದರ ಹಿಂದಿನ ದಿನ ಸಮವಸ್ತ್ರವನ್ನು ಇಸ್ತ್ರಿಗೆ ತರುತ್ತಿದ್ದದ್ದು ಎಲ್ಲಿಗೆ? ನಮ್ಮ ಅಂಗಡಿಗೆ! ದುಂಡಪ್ಪ ಮಾತಿಲ್ಲದೆ ಮಾಡಿಕೊಡುತ್ತಿದ್ದ. ಅಡಿವೆಪ್ಪ ಸವದತ್ತಿಯಲ್ಲಿ ಅಡಗಿ ಕೂತಿದ್ದನ್ನು ಒಂದು ದಿನವೂ ಯಾರೆದುರೂ ಹೇಳಲಿಲ್ಲ. ಬಾಳವ್ವ ಹಲ್ಲು ಕಡಿಯುತ್ತಿದ್ದಳು. ನಾನು ಕುದಿಯುತ್ತಿದ್ದೆ.

"ಅಂವ ಒಲ್ಲೆ ಅಂದಿಲ್ಲ, ತಪ್ಪಿಸಿಕೊಂಡ. ಅದು ಅಂವಂದು. ನಂದು ನನ್ನ ಹತ್ರ ಐತಿ" ಎನ್ನುತ್ತಿದ್ದ ದುಂಡಪ್ಪ. ಇಪ್ಪತ್ತು ವರ್ಷ ಹೀಗೇ ಹೋಯಿತು. ಒಂದು ಚಳಿಗಾಲ ಕೆಮ್ಮು ಹಿಡಿದು, ಹದಿನೈದು ದಿನ ಮಲಗಿ, ತೀರಿಕೊಂಡ. ಸಂಘದಿಂದ ಯಾರೂ ಬರಲಿಲ್ಲ. ಅಡಿವೆಪ್ಪ ಒಬ್ಬನೇ ಬಂದು ಹೆಗಲು ಕೊಟ್ಟ.

ಬಾಳವ್ವನಿಗೆ ಆಗ ಐವತ್ತು ದಾಟಿತ್ತು. ಊರಿಗೆ ಕರೆಂಟಿನ ಇಸ್ತ್ರಿಯ ಎರಡು ಅಂಗಡಿ ಬಂದಿದ್ದವು. ನನ್ನ ಭಾರಕ್ಕೆ ಅವಳ ಮಣಿಕಟ್ಟು ಊದುತ್ತಿತ್ತು. ಒಂದು ಹೊತ್ತಿನ ರೊಟ್ಟಿಗೂ ತತ್ವಾರವಾಗಿತ್ತು. ಅಂಥ ದಿನಗಳಲ್ಲಿ, ಆಗಸ್ಟು ಹದಿನಾಲ್ಕರಂದು, ಅಡಿವೆಪ್ಪ ಸಮವಸ್ತ್ರದ ಜೊತೆ ಒಂದು ಟೈಪು ಮಾಡಿದ ಕಾಗದವನ್ನೂ ತಂದ. ಸಮವಸ್ತ್ರವನ್ನು ಬಾಳವ್ವ ಹಲಗೆಯ ಮೇಲೆ ಹರವಿದಳು. ನನ್ನ ಹೊಟ್ಟೆಯಲ್ಲಿ ಕೆಂಡ ನಿಗಿನಿಗಿ ಉರಿಯುತ್ತಿತ್ತು.

"ಬಾಳಕ್ಕಾ, ನಿನ್ನ ಸಲುವಾಗಿ ಬೆಳಗಾವಿತನಕ ಅಡ್ಡಾಡಿ ಬಂದೀನಿ. ದುಂಡಣ್ಣಂದು ಪಿಂಚಣಿ ನಿನ್ನ ಹೆಸರಿಗೆ ಆಗು ಹಂಗೈತಿ. ದೊಡ್ಡ ಸಾಹೇಬ್ರು ಹೂಂ ಅಂದಾರ. ಇದರ ಮ್ಯಾಲ ಒಂದು ಹೆಬ್ಬಟ್ಟು ಒತ್ತು, ಸಾಕು."

"ಏನು ಬರದೈತಿ ಇದರಾಗ?"

ಅಡಿವೆಪ್ಪ ಕೆಮ್ಮಿದ. "ಏನಿಲ್ಲ. ಆವಾಗ ಅವನ ತಲಿ ಸ್ಥಿಮಿತದಾಗ ಇರಲಿಲ್ಲ, ಏನು ಮಾಡಾಕತ್ತೀನಿ ಅಂತ ಅವಗ ತಿಳೀತಿರಲಿಲ್ಲ, ಅಂತ. ಬರೇ ಕಾಗದಕ್ಕ. ಸತ್ತಾಂವಗ ಏನು ಬಂತು ಹೋತು?"

ಬಾಳವ್ವ ಕೂತಳು. ಇಪ್ಪತ್ತೆರಡು ವರ್ಷ ಅವಳು ಬೇಡಿದ್ದು ಅಂಥದೇ ಒಂದು ಸುಳ್ಳನ್ನು. ಅದು ಈಗ ಟೈಪಾಗಿ, ಮೊಹರು ಬಿದ್ದು, ಬಾಗಿಲಿಗೆ ಬಂದಿತ್ತು. ಒತ್ತಿದರೆ ಸಾಯುವ ತನಕ ಕೂತು ಉಣ್ಣಬಹುದು. ಒತ್ತು ತಾಯಿ ಎಂದು ನನ್ನ ಮನಸ್ಸೂ ಹೇಳಿತು, ನಾಚಿಕೆಯಿಲ್ಲದೆ ಹೇಳುತ್ತೇನೆ. ಅವಳ ಊದಿದ ಕೈ ನೋಡಿದವರು ಯಾರಾದರೂ ಹಾಗೇ ಹೇಳುತ್ತಿದ್ದರು. ಅಡಿವೆಪ್ಪ ಶಾಯಿಯ ಡಬ್ಬಿ ತೆರೆದು ಮುಂದಿಟ್ಟ. ಅವಳು ಹೆಬ್ಬೆರಳು ಶಾಯಿಗೆ ಅದ್ದಿದಳು. ಕಾಗದದ ಮೇಲೆ ತಂದಳು. ತಂದ ಕೈ ಅಲ್ಲೇ ನಿಂತಿತು.

"ಅಡಿವೆಪ್ಪಾ, ನನ್ನ ಗಂಡ ಶ್ಯಾಣ್ಯಾ ಇದ್ದ. ಎಲ್ಲಾ ತಿಳದು ಒಲ್ಲೆ ಅಂದ. ಹಂಗಂತ ಬರಕೊಂಡು ಬಾ, ಹತ್ತೂ ಬೆರಳು ಒತ್ತತೀನಿ."

"ಹಂಗ ಬರದ್ರ ಯಾರು ಕೊಡ್ತಾರವ್ವಾ ಪಿಂಚಣಿ?"

"ಹಂಗಾದ್ರ ಬ್ಯಾಡ. ನಾ ಒಲ್ಲೆ."

ಹೆಬ್ಬೆರಳನ್ನು ಸೆರಗಿಗೆ ಒರೆಸಿಕೊಂಡಳು. ಎದ್ದು, ಹಲಗೆಯ ಮೇಲಿನ ಸಮವಸ್ತ್ರವನ್ನು ಇಸ್ತ್ರಿ ಮಾಡದೆಯೇ ಮಡಚಿ ಅವನ ಕೈಗಿಟ್ಟಳು. "ಇದನ್ನೂ ಬ್ಯಾರೆ ಕಡೆ ಒಯ್ಯಿ. ಅಂವ ಮಾಡಿಕೊಡತಿದ್ದ, ಅದು ಅಂವನ ಗುಣ. ನನ್ನ ಕೈಲೆ ಆಗೂದಿಲ್ಲ." ಅಡಿವೆಪ್ಪ ಕಾಗದ ಮಡಚಿ, ಸಮವಸ್ತ್ರ ಕಂಕುಳಿಗೆ ಸೇರಿಸಿ, ಅಂಗಡಿ ಇಳಿದ. ಮಾರನೇ ದಿನ ಝಂಡಾದ ಕೆಳಗೆ ಅವನು ಬಿಳಿ ಅಂಗಿಯಲ್ಲಿ ನಿಂತಿದ್ದ, ಪದಕ ಹಾಕಿರಲಿಲ್ಲ ಎಂದು ಬಸ್ ಇಳಿದ ಜನ ಮಾತಾಡಿಕೊಂಡರು. ಬಾಳವ್ವ ಕೇಳಿಯೂ ಕೇಳದವಳಂತೆ ನನ್ನ ಬೂದಿ ಕೊಡವಿದಳು.

ಮತ್ತೆ ಮೂರು ವರ್ಷ ಅವಳು ಆ ಊದಿದ ಕೈಯಿಂದಲೇ ನನ್ನನ್ನು ಎಳೆದಾಡಿದಳು. ಅವಳೂ ಹೋದ ಮೇಲೆ ಅಂಗಡಿಯ ಜಾಗ ಬೇರೆಯವರ ಪಾಲಾಯಿತು, ನಾನು ಗುಜರಿಗೆ ಬಂದೆ. ಇಲ್ಲಿ ತುಕ್ಕು ಹಿಡಿದ ನೇಗಿಲು, ಸೈಕಲ್ಲಿನ ಚೌಕಟ್ಟು, ಒಡೆದ ಪಂಪುಗಳ ನಡುವೆ ಬಿದ್ದಿದ್ದೇನೆ. ತಿಂಗಳಿಗೊಮ್ಮೆ ಲಾರಿ ಬಂದು ಕೆಳಗಿನ ರಾಶಿಯನ್ನು ಕರಗಿಸಲು ಒಯ್ಯುತ್ತದೆ. ಇವತ್ತಲ್ಲ ನಾಳೆ ನನ್ನ ಸರದಿ. ಕರಗಿದ ಮೇಲೆ ನನ್ನಿಂದ ಏನು ಮಾಡುತ್ತಾರೋ ಯಾರಿಗೆ ಗೊತ್ತು. ಬಾಗಿಲಿನ ಚಿಲಕ ಮಾಡಬಹುದು, ಬಂದೂಕಿನ ನಳಿಗೆಯನ್ನೂ ಮಾಡಬಹುದು. ಏನು ಮಾಡಿದರೂ ನಾನು ಆಗಲೇಬೇಕು. ಕಬ್ಬಿಣಕ್ಕೆ ಒಲ್ಲೆ ಎನ್ನಲು ಬರುವುದಿಲ್ಲ. ದುಂಡಪ್ಪನಿಗೆ ಬರುತ್ತಿತ್ತು. ಅದಕ್ಕೇ ಅವನನ್ನು ಜೈಲಿಗೆ ಹಾಕಿದರು.